ಮರದ ಮೇಲಿಂದ ಕೆನೆದೆ

ತಪ್ಪು ನನ್ನದೇ. ಹೊನ್ನವಳ್ಳಿ ಹತ್ತಿರದ ತೋಟದಲ್ಲಿ ಕಾಯಿ ಕೆಡವಲು ಮರ ಹತ್ತಿದ್ದವನು, ಬೇಲಿಯಾಚೆ ಕುದುರೆ ಕಂಡಿದ್ದೇ ತಡ, ಅದರ ಹಾಗೇ ಕೆನೆದುಬಿಟ್ಟೆ. ಮಾವನ ಕೆಮ್ಮು, ತಿಪಟೂರು ಬಸ್ಸಿನ ಹಾರ್ನು, ಕೊನೆಗೆ ನನ್ನದೇ ಗೊರಕೆ, ಎಲ್ಲವನ್ನೂ ಅಣಕಿಸುವ ಬಾಯಿ ಇದು, ಸುಮ್ಮನಿರುವುದೊಂದು ಬಿಟ್ಟು.

ಕುದುರೆ ಬೆಚ್ಚಿ ಹಿಂದೆ ಸರಿಯಿತು. ಅದನ್ನು ಮುಟ್ಟಲು ಏಳೆಂಟು ವರ್ಷದ ಹುಡುಗಿಯೊಬ್ಬಳು ಚಾಚಿದ್ದ ಕೈ ಗಾಳಿಯಲ್ಲೇ ಉಳಿಯಿತು.

ದಡಬಡನೆ ಇಳಿದು ಅತ್ತ ಹೋದೆ. ಕುದುರೆ ಸಾಕಿರುವ ಮೇಡಂ ನನ್ನನ್ನು ದೂರ ಕರೆದು ಮೆಲ್ಲಗೆ ಹೇಳಿದರು: "ಮನೇಲಿ ಯಾರೂ ನೋಡ್ಕಳ್ದೆ ಮಕ್ಕಳ ಆಶ್ರಮಕ್ಕೆ ಬಂದಿರೋ ಮಗು ಕಣಪ್ಪ. ಯಾರತ್ರಾನೂ ಮಾತಾಡಲ್ಲ. ಕುದ್ರೆ ಮುಟ್ಟೋಕೆ ಇವತ್ತೇ ಮನಸ್ಸು ಮಾಡಿದ್ಲು."

ತಪ್ಪಾಯ್ತು ಅಂತ ಕೈ ಮುಗಿದೆ. ಆದರೂ ಕುತೂಹಲ ಬಿಡಲಿಲ್ಲ. "ಕುದ್ರೆ ಏನ್ ಮಾಡ್ತದೆ ಮೇಡಂ?"

"ಏನೂ ಇಲ್ಲ. ಪುಕ್ಕಲು ಪ್ರಾಣಿ ಅದು. ಹೆದರಿರೋ ಮಕ್ಕಳ ಜೊತೆ ನಿಂತ್ಕಳ್ತದೆ, ಅಷ್ಟೇ."

ಅಷ್ಟೇನಾ ಅಂದುಕೊಂಡು ನೋಡುತ್ತ ನಿಂತೆ. ಹುಡುಗಿ ಮುಂದೆ ಹೋಗಲೂ ಇಲ್ಲ, ಓಡಲೂ ಇಲ್ಲ. ಕುದುರೆಯೇ ಒಂದೊಂದೇ ಹೆಜ್ಜೆ ಇಟ್ಟು ಬಂದು ಅವಳ ಭುಜ ಮೂಸಿತು. ಅವಳು ಅದರ ಕುತ್ತಿಗೆಗೆ ಅಂಗೈ ಒತ್ತಿ ಹಿಡಿದಳು.

ನನ್ನ ಬಾಯಿ ಕೇಳಬೇಕಲ್ಲ! ಬೇಲಿ ಹತ್ತಿರ ಹೋಗಿ, "ನಾನೂ ಒಂದ್ಸಲ ಮುಟ್ಲೇನವ್ವಾ?" ಅಂದೆ.

ಹುಡುಗಿ ಕುದುರೆಗೆ ಅಡ್ಡ ನಿಂತು ನನ್ನನ್ನು ದುರುಗುಟ್ಟಿ ನೋಡಿದಳು.

"ನೀನು ಹೋಗಿ ಮರ ಹತ್ತು. ಇದು ಹೆದರ್ಕತದೆ."