ಛಂದಸ್ಸಿಗೆ ಕೂರದ ಸಾಲು

ಮೊನ್ನೆ ಅರಸೀಕೆರೆಯಿಂದ ಬೇಲೂರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕರೊಬ್ಬರು ನಶ್ಯದ ಡಬ್ಬಿ ತೆಗೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಗಂಡಸಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕನ್ನಡ ಮೇಷ್ಟ್ರು ಕಣ್ಣಮುಂದೆ ಬಂದು ಕೂತರು.

ಸುತ್ತಮುತ್ತ ಯಾರೇ ತೀರಿಕೊಂಡರೂ ಶಿವಗಣಾರಾಧನೆಯ ಕಾರ್ಡಿಗೆ ಚರಮಗೀತೆ ಬರೆದುಕೊಡುತ್ತಿದ್ದವರು ಅವರೇ. ಜಗಲಿಯ ಮೇಲೆ ಬೆರಳು ಬಡಿಯುತ್ತಾ ಮಾತ್ರೆ ಎಣಿಸುವರು. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಕೂಡಿಬರಲೇಬೇಕು. ಬರದಿದ್ದರೆ ಸತ್ತವರ ಮನೆಯವರನ್ನೂ ನಾಳೆ ಬನ್ನಿ ಎಂದು ಕಳಿಸುವರು.

ಒಳಗಿನಿಂದ ಅವರ ಹೆಂಡತಿ ಕೂಗುತ್ತಿದ್ದರು, “ಬನ್ರೀ, ಕಾಪಿ ಆರೋಯ್ತೈತೆ.”

“ಕಾಪಿ ಅಲ್ಲ ಕಣೇ, ಕಾಫಿ. ಆರೋಯ್ತೈತೆ ಅಲ್ಲ, ಆರಿಹೋಗುತ್ತೆ. ಎಷ್ಟು ಸಲ ಹೇಳ್ಬೇಕು?”

ನಾಲ್ಕು ಜನ ಕೂತಿದ್ದರೂ ತಿದ್ದುವುದನ್ನು ಬಿಡುತ್ತಿರಲಿಲ್ಲ. ಮೊದಮೊದಲು ಆಕೆ ನಗುತ್ತಿದ್ದರು. ಬರಬರುತ್ತಾ ಕರೆಯುವುದನ್ನೇ ನಿಲ್ಲಿಸಿ, ಲೋಟವನ್ನು ಜಗಲಿಯ ಮೇಲಿಟ್ಟು ಸುಮ್ಮನೆ ಒಳಗೆ ಹೋಗತೊಡಗಿದರು...

ಆಕೆ ಎದೆನೋವು ಬಂದು ಇದ್ದಕ್ಕಿದ್ದಂತೆ ಹೋಗಿಬಿಟ್ಟರು. ಶಿವಗಣಾರಾಧನೆಯ ದಿನ ಮೇಷ್ಟ್ರು ಎದ್ದು ನಿಂತು ತಾವು ಬರೆದ ಪದ್ಯ ಓದಿದರು. ಎಂದಿನಂತೆ ಅಚ್ಚುಕಟ್ಟಾದ ಸಾಲುಗಳು. ಆದರೆ ಪ್ರತಿ ನುಡಿಯ ಕೊನೆಗೂ ಒಂದೇ ಸಾಲು ಮರಳಿ ಬರುತ್ತಿತ್ತು: “ಬನ್ರೀ, ಕಾಪಿ ಆರೋಯ್ತೈತೆ.” ಮೊದಲ ಸಲ ಯಾರೋ ನಕ್ಕರು. ಮತ್ತೆ ಬಂದಾಗ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಕೊನೆಯ ನುಡಿಯಲ್ಲಿ ಆ ಸಾಲು ಬರುವ ಮೊದಲೇ ಅವರು ಹಾಳೆ ಮಡಚಿ ಜೇಬಿಗಿಟ್ಟುಕೊಂಡರು.

ಊಟವಾದ ಮೇಲೆ, ಅವರ ಜೊತೆ ಕೆಲಸ ಮಾಡಿದ್ದ ಇನ್ನೊಬ್ಬ ಮೇಷ್ಟ್ರು ಹತ್ತಿರ ಬಂದು, “ಪದ್ಯ ಚೆನ್ನಾಗಿತ್ತು. ಆ ಸಾಲೊಂದು ಛಂದಸ್ಸಿಗೆ ಕೂರ್ತಿಲ್ಲ. ಒಂಚೂರು ತಿದ್ದಿಬಿಡಿ,” ಎಂದರು.

“ಅವಳು ಬದುಕಿದ್ದಷ್ಟು ದಿನ ತಿದ್ದಿದ್ದಾಯ್ತಲ್ಲ ಕಣ್ರೀ... ಇನ್ನು ತಿದ್ದಲ್ಲ.”

ಆಮೇಲೆ ಅವರು ಪದ್ಯ ಬರೆಯಲಿಲ್ಲ. ಕೇಳಿಕೊಂಡು ಬಂದವರಿಗೆ, “ಹೋದವರು ದಿನಾ ಏನಂತಿದ್ರು? ಅದನ್ನೇ ಅಚ್ಚು ಹಾಕ್ಸಿ,” ಎನ್ನುತ್ತಿದ್ದರು. ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡ ಜನ ಪ್ರೆಸ್ಸಿನವರ ಬಳಿಯಿದ್ದ ಸಿದ್ಧ ಪದ್ಯಗಳನ್ನೇ ಹಾಕಿಸತೊಡಗಿದರು.

ಮೇಷ್ಟ್ರು ತೀರಿಕೊಂಡಾಗ ಅವರ ಕಾರ್ಡಿನಲ್ಲೂ ಬಂದದ್ದು ಅಂಥದ್ದೇ ನಾಲ್ಕು ಸಾಲು. ಪ್ರಾಸ ಎಲ್ಲೂ ತಪ್ಪಿರಲಿಲ್ಲ. ಯಾರ ಹೆಸರು ಹಾಕಿದರೂ ನಡೆಯುತ್ತಿತ್ತು.

ಬಸ್ಸು ಹಳೇಬೀಡು ದಾಟುವವರೆಗೂ, ಮೇಷ್ಟ್ರು ಹೆಂಡತಿಯ ಜೊತೆ ದಿನಾ ಆಡುತ್ತಿದ್ದ ಅಕ್ಕರೆಯ ಮಾತೊಂದು ನೆನಪಾದೀತೇ ಎಂದು ತಡಕಾಡಿದೆ. ತಿದ್ದಿದ ಮಾತುಗಳೇ ಬಂದವು... ಬೇರೊಂದೂ ಬರಲಿಲ್ಲ.