ಒಂದು ಕಾಲು ಚಪ್ಪಲಿಯಲ್ಲಿದ್ದಾಗ

"ಟಿಂಗ್." ಕಂಡಕ್ಟರ್ ಹಗ್ಗ ಎಳೆದರೆ ಡ್ರೈವರನ ತಲೆಯ ಮೇಲೆ ಬಾರಿಸುತ್ತಿದ್ದ ಆ ಗಂಟೆ ನನಗಿನ್ನೂ ಕೇಳುತ್ತದೆ. ಒಂದು ಸಲ ಬಾರಿಸಿದರೆ ನಿಲ್ಲು, ಎರಡು ಸಲ ಬಾರಿಸಿದರೆ ಹೊರಡು. ಎಂಬತ್ತರ ದಶಕದ ಆ ಕೆಂಪು ಬಸ್ಸಿನ ಮನಸ್ಸು ಬದಲಿಸಲು ಅಷ್ಟೇ ಮಾತು ಸಾಕಾಗುತ್ತಿತ್ತು. ನಾನು ಮಾತ್ರ ನಾಲ್ಕು ಪುಟ ಬರೆಯುತ್ತಿದ್ದೆ.

ಭಾಷಣ ಬರೆಯುವುದರಲ್ಲಿ ನನಗೆ ಸಣ್ಣ ಜಂಬವಿತ್ತು. ಇತ್ತು ಅನ್ನುವುದೇನು, ಈಗಲೂ ಇದೆ. ಕಾನ್ವೆಂಟಿನಲ್ಲಿ ಎಲೊಕ್ಯೂಶನ್ ಪ್ರೈಜ್ ಗೆದ್ದವಳು. ನಮ್ಮ ಸಿಸ್ಟರ್ ಕಲಿಸಿದ ರೂಲ್ ಇಷ್ಟೇ: ಮೊದಲ ವಾಕ್ಯದಲ್ಲೇ ನಿನಗೇನು ಬೇಕೋ ಹೇಳು, ಆಮೇಲೆ ಮೂರು ಕಾರಣ ಕೊಡು, ಕೊನೆಗೆ ಧ್ವನಿ ಏರಿಸು. ಶೇಡಬಾಳಕ್ಕೆ ಸೊಸೆಯಾಗಿ ಬಂದು, ಕಾಗವಾಡದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸತೊಡಗಿದ ಮೇಲೆ ಸುತ್ತಲಿನ ಭಾಷಣಗಳೆಲ್ಲ ನನ್ನ ಪೆನ್ನಿನಿಂದಲೇ ಇಳಿದವು. ನಾನು ಬರೆದ ಬೀಳ್ಕೊಡುಗೆ ಭಾಷಣ ಕೇಳಿ, ರಿಟೈರ್ ಆಗುವುದೇ ಬೇಡವೆಂದು ಅತ್ತವರುಂಟು.

ಹಾಗಾಗಿ ನಮಗೆ ಹಾಲು ಹಾಕುವ ತಂಗೆವ್ವ ಬಂದು ಕೂತಾಗ ಪೆನ್ನಿನ ಕ್ಯಾಪ್ ತೆಗೆದೇಬಿಟ್ಟೆ. ಅವಳ ಮನೆ ಊರ ಹೊರಗೆ, ತೋಟಗಳ ನಡುವೆ ನಾಲ್ಕಾರು ಮನೆಗಳಿದ್ದ ವಸ್ತಿಯಲ್ಲಿ. ಕಾಗವಾಡದ ಬಸ್ಸು ಅಲ್ಲಿ ನಿಲ್ಲುತ್ತಿರಲಿಲ್ಲ. ಮಗಳು ಕಸ್ತೂರಿ ಏಳನೆಯದು ಪಾಸಾಗಿದ್ದಳು. ಬಸ್ಸಿಲ್ಲದಿದ್ದರೆ ಹೈಸ್ಕೂಲೂ ಇಲ್ಲ, ಎಮ್ಮೆ ಕಾಯಲಿ ಎಂದು ಅವಳ ಅಜ್ಜ ತೀರ್ಪು ಕೊಟ್ಟಾಗಿತ್ತು. ಬಸ್ ಡಿಪೋದ ಸಾಹೇಬರು ಪಂಚಾಯ್ತಿಯ ಸಭೆಗೆ ಬರುವವರಿದ್ದರು.

ನಾನು ಬರೆದು ಓದಿದೆ. ತಂಗೆವ್ವ ಕೇಳಿ, "ಅಕ್ಕೋರ, ಚಾ ಕುಡೀರಿ ಅನ್ನೂದರಾಗ ಬಸ್ ಕೊಡ್ರಿ ಅಂತೀರಲ್ರಿ? ಹೆಣ್ಣ ನೋಡಾಕ ಹೋದವ್ರು ಹೊಸ್ತಲದಾಗ ನಿಂತ 'ಹುಡಿಗೀನ ಕೊಡ್ರಿ' ಅಂದಂಗಾತು," ಎಂದಳು.

"ಇದು ಮಾಡರ್ನ್ ಮೆಥಡ್, ತಂಗೆವ್ವ. ನೀ ಬಾಯಿಪಾಠ ಮಾಡು."

ಪಾಪ, ಮಾಡಿದಳು. ಸಭೆಯಲ್ಲಿ ಒಂದಕ್ಷರ ತಪ್ಪದೆ ಒಪ್ಪಿಸಿದಳು. ಸಾಹೇಬರು ಮೊದಲ ವಾಕ್ಯ ಕೇಳಿ "ನೋಡೋಣ" ಎಂದರು; ಮೂರು ಕಾರಣಗಳುದ್ದಕ್ಕೂ ಗಡಿಯಾರ ನೋಡಿದರು. ಚಪ್ಪಾಳೆ ಭರ್ಜರಿ ಬಿತ್ತು. ಬಸ್ಸು ಸಿಗಲಿಲ್ಲವೆಂದು ನನಗೆ ಅಲ್ಲೇ ಗೊತ್ತಾಯಿತು.

ಸಭೆ ಮುಗಿದು ಸಾಹೇಬರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು. ತಂಗೆವ್ವ ಅಲ್ಲಿ ನಿಂತಿದ್ದಳು. ನಮ್ಮ ಕಡೆ ಮನೆಗೆ ಬಂದವರು ಮಳೆ, ಕಬ್ಬು, ಎಮ್ಮೆ ಎಲ್ಲ ಮಾತಾಡಿ, ಬಂದ ಕೆಲಸವನ್ನು ಹೊರಡುವಾಗ ಹೇಳುತ್ತಾರೆ. ಅದು ಸಂಕೋಚ ಎಂದುಕೊಂಡಿದ್ದೆ. ಟೆಕ್ನಿಕ್ ಎಂದು ಆ ದಿನ ತಿಳಿಯಿತು.

"ಸಾಹೇಬ್ರ, ಭಾಷಣಾ ಅಕ್ಕೋರದು. ನಂದ ಒಂದ ಮಾತೈತ್ರಿ. ಒಂದ ವಾರ ನಿಲ್ಲಿಸಿ ನೋಡ್ರಿ. ಯಾರೂ ಹತ್ತಲಿಲ್ಲಂದ್ರ ನಿಲ್ಲಿಸಬ್ಯಾಡ್ರಿ."

ಸಾಹೇಬರ ಒಂದು ಕಾಲು ಚಪ್ಪಲಿಯಲ್ಲಿ, ಇನ್ನೊಂದು ಗಾಳಿಯಲ್ಲಿ. ಆ ಭಂಗಿಯಲ್ಲಿ ಇಲ್ಲ ಎನ್ನಲು ಯಾರಿಗೂ ಬ್ಯಾಲೆನ್ಸ್ ಸಾಲದು. "ಆತ್ ಬಿಡವ್ವಾ, ಒಂದ್ ವಾರ," ಎಂದರು.

ಆ ವಾರ ವಸ್ತಿಯಲ್ಲಿ ಕೆಲಸವಿದ್ದವರು, ಇಲ್ಲದವರು ಎಲ್ಲರೂ ಬಸ್ಸು ಹತ್ತಿದರು. ಎಲ್ಲರಿಗಿಂತ ಮೊದಲು ಕೈ ಮಾಡುತ್ತಿದ್ದವನು ಆ ಅಜ್ಜ! ಅವನನ್ನು ತಂಗೆವ್ವ ಯಾವಾಗ ಒಪ್ಪಿಸಿದಳೋ. ಅವನು ಚಪ್ಪಲಿ ಮೆಟ್ಟುವ ಹೊತ್ತು ನೋಡಿಯೇ ಕೇಳಿರಬೇಕು. "ಕಾಗವಾಡದಾಗೇನ್ ಕೆಲಸಾ ಅಜ್ಜಾ?" ಎಂದು ಕಂಡಕ್ಟರ್ ಕೇಳಿದರೆ, "ಚಾ ಕುಡದ ಬರ್ತೇನಿ. ನೀ ತಿಕೀಟ ಹರಿಯಲೇ," ಎನ್ನುತ್ತಿದ್ದ. ಬಸ್ಸು ನಿಲ್ಲುವುದು ಕಾಯಂ ಆಯಿತು. ಕಸ್ತೂರಿ ನನ್ನ ಕ್ಲಾಸಿಗೇ ಬಂದು ಕೂತಳು.

ತೊಂಬತ್ತರ ದಶಕದ ಕೊನೆಗೆ ರಿಟೈರ್ ಆಗಿ ಬೆಳಗಾವಿಗೆ ಹೊರಟಾಗ ತಂಗೆವ್ವನ ಮನೆಗೆ ಹೋಗಿದ್ದೆ. ಚಾ ಆಯಿತು, ಎಮ್ಮೆಗಳ ಸುದ್ದಿ ಆಯಿತು. ಬಾಗಿಲಲ್ಲಿ ಬಗ್ಗಿ ಸ್ಯಾಂಡಲ್ಲಿನ ಬಕಲ್ ಹಾಕುತ್ತಿದ್ದೆ.

"ಅಕ್ಕೋರ, ದ್ರಾಕ್ಷಿ ಸುಗ್ಗ್ಯಾಗ ಬಂದ ಹೋಗ್ರಿ. ಒಂದ ದಿನಾ ಸಾಕ."

ಹೂಂ ಎಂದೆ. ಇನ್ನೇನು ಎನ್ನಲಿ, ಒಂದೇ ಕಾಲಲ್ಲಿ ನಿಂತಿದ್ದೆ. ಅವಳನ್ನು ನೋಡಿದ್ದು ಅದೇ ಕೊನೆ. ಸುಗ್ಗಿಯ ಹೊತ್ತಿಗೆ ತಂಗೆವ್ವ ಇರಲಿಲ್ಲ. ಆದರೂ ಅದೇ ಬಸ್ಸು ಹತ್ತಿ ಹೋದೆ, ಹೂಂ ಅಂದಿದ್ದೆನಲ್ಲ. ವಸ್ತಿ ಬಂದಾಗ, ನಾನು ಬಾಯಿ ತೆರೆಯುವ ಮೊದಲೇ ಕಂಡಕ್ಟರ್ ಹಗ್ಗ ಎಳೆದ.