ಕಂಬಕ್ಕೆ ಅಂಟಿಸಿದ ಮೈಕ್

ನಮ್ಮ ಬ್ಯಾಂಡಿನಲ್ಲಿ ಇರುವುದು ಇಬ್ಬರೇ, ನಾನು ಮತ್ತು ನನ್ನ ಗೆಳತಿ. ಜೋಗೇಶ್ವರಿಯ ಒಂದೇ ಬಿಲ್ಡಿಂಗಿನಲ್ಲಿ ಬೆಳೆದವರು. ನಮ್ಮವರು ಧಾರವಾಡದ ಕಡೆಯವರು, ಅವಳ ಮನೆಯವರದು ವಿಜಯಪುರ. ಅವರ ಮನೆಯೊಳಗೆ ದಖ್ಖನಿ ಉರ್ದು, ನಮ್ಮ ಜೊತೆ ಕನ್ನಡ. ಅವಳು ಹಾಡು ಬರೆದು ಹಾಡುತ್ತಾಳೆ. ನಾನು ಯಂತ್ರಗಳ ಸದ್ದು ಹಿಡಿದು ತಂದು, ಕಂಪ್ಯೂಟರಿನಲ್ಲಿ ಕತ್ತರಿಸಿ ತಿರುಚಿ, ಅದರಿಂದಲೇ ತಾಳ ಕಟ್ಟುತ್ತೇನೆ. ವಾರವೆಲ್ಲ ಪವಾಯಿಯ ಆಫೀಸು, ಭಾನುವಾರ ಇದು. ಇಂಥ ಸಂಗೀತವನ್ನು ಇಂಡಸ್ಟ್ರಿಯಲ್ ಅನ್ನುತ್ತಾರೆ. ನನ್ನ ಅವ್ವ ಗಿರಣಿ ಅನ್ನುತ್ತಾಳೆ. "ನಿನ್ನ ಗಿರಣಿ ಬಂದ್ ಮಾಡಿ ಊಟಕ್ಕ ಬಾರವಾ" ಎಂದು ಅಡುಗೆಮನೆಯಿಂದ ಕೂಗುತ್ತಾಳೆ.

ಮೊದಲ ಆಲ್ಬಮ್ ಮಾಡುವಾಗ ನಮಗಿದ್ದ ಹಟ ಒಂದೇ, ಜೋರಾಗಿರಬೇಕು. ಕೇಳುವವರು ಬೆಚ್ಚಬೇಕು. ತಗಡು ಕೊಯ್ಯುವ ಸದ್ದು, ಗ್ರೈಂಡರಿನ ಸದ್ದು, ಅದರ ಮೇಲೆ ಅವಳ ಕಿರಿಚಾಟ. ಅವಳ ಗಂಟಲು ಎಂಥದ್ದೆಂದರೆ, ಬಾಂದ್ರಾದ ಒಂದು ಸಣ್ಣ ಹಾಲ್‌ನಲ್ಲಿ ಮೊದಲ ಸಾಲು ಹಾಡುತ್ತಲೇ ಮುಂದೆ ನಿಂತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಅಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಆದರೂ ಕೊನೆಗೆ ಅವಳ ಜೊತೆ ಎಲ್ಲರೂ ಕಿರಿಚಿದರು. ಹೆದರಿಸುವುದು ಆಗ ನಮಗೊಂದು ಆಟ.

ಎರಡನೆಯ ಆಲ್ಬಮ್‌ಗೆ ನನಗೆ ಯಂತ್ರದ ಹೊರಗಿನ ಗದ್ದಲ ಸಾಕೆನಿಸಿತ್ತು. ಕಬ್ಬಿಣದ ಒಳಗಿನ ಸದ್ದು ಬೇಕಾಗಿತ್ತು. ಅದಕ್ಕೊಂದು ಬೇರೆ ಬಗೆಯ ಮೈಕ್ ಇದೆ, ನಾಣ್ಯದಷ್ಟು ಅಗಲದ್ದು. ಗಾಳಿಯಲ್ಲಿ ಬರುವ ಸದ್ದು ಅದಕ್ಕೆ ಕೇಳುವುದಿಲ್ಲ. ಯಾವುದಕ್ಕೆ ಅಂಟಿಸುತ್ತೀರೋ ಅದರ ನಡುಕ ಮಾತ್ರ ಕೇಳುತ್ತದೆ. ಗೆಳತಿಯ ಅಪ್ಪ, ನಾನು ಚಾಚಾ ಎಂದು ಕರೆಯುವವರು, ಜೋಗೇಶ್ವರಿಯಲ್ಲೇ ಒಂದು ಸಣ್ಣ ಕಾರ್ಖಾನೆ ನಡೆಸುತ್ತಾರೆ. ಪವರ್ ಪ್ರೆಸ್ಸಿನಲ್ಲಿ ತಗಡು ಒತ್ತಿ ಬಾಗಿಲ ಕೀಲುಗಳನ್ನು ಮಾಡುತ್ತಾರೆ. ಒಂದು ಭಾನುವಾರ ಬೆಳಿಗ್ಗೆ, ಅರ್ಜೆಂಟ್ ಕೆಲಸವಿದ್ದು ಪ್ರೆಸ್ ನಡೆಯುತ್ತಿದ್ದಾಗ, ನಾವಿಬ್ಬರೂ ಅಲ್ಲಿಗೆ ಹೋದೆವು. ಪ್ರೆಸ್ಸಿನ ಪಕ್ಕದ ಕಬ್ಬಿಣದ ಕಂಬ ಮೇಲಿನ ಮರದ ಅಟ್ಟವನ್ನು ಹೊತ್ತು ನಿಂತಿತ್ತು. ನಾನು ಏಣಿ ಹತ್ತಿ ಅಟ್ಟದಲ್ಲಿ ಕುಳಿತು, ಕಂಬದ ತುದಿಗೆ ಮೈಕ್ ಅಂಟಿಸಿ, ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದೆ. ಅವಳು ಹೊರಗೆ ಚಾಚಾ ಜೊತೆ ಚಹಾ ಕುಡಿಯುತ್ತಿದ್ದಳು.

ಕಂಬದೊಳಗಿನ ಸದ್ದು ಗಂಭೀರವಾಗಿತ್ತು. ಪ್ರೆಸ್ ಬಡಿದಾಗಲೆಲ್ಲ ದೊಡ್ಡ ಗಂಟೆಯನ್ನು ಬಟ್ಟೆ ಸುತ್ತಿ ಹೊಡೆದಂತೆ. ಸ್ವಲ್ಪ ಹೊತ್ತಿಗೆ ಬಡಿತ ನಿಂತು ಮೋಟಾರಿನ ಗುಂಯ್ ಅನ್ನುವ ಸದ್ದು ಮಾತ್ರ ಉಳಿಯಿತು. ಕೆಲಸದವರು ನನಗಾಗಿ ನಿಲ್ಲಿಸಿದ್ದಾರೆ ಅಂದುಕೊಂಡೆ. ಆ ಗುಂಯ್ ನಡುವೆ ಧಪಧಪ ಎಂಬ ಮೆತ್ತನೆಯ ಬಡಿತಗಳು ಬಂದವು, ಒಂದರ ಮೇಲೊಂದು, ಅಡ್ಡಾದಿಡ್ಡಿಯಾಗಿ. ಎಂಥ ಚೆಂದದ ತಾಳ ಎಂದು ಖುಷಿಪಟ್ಟೆ. ಸುಟ್ಟ ವಾಸನೆ ಬರುತ್ತಿತ್ತು. ಕಾದ ಎಣ್ಣೆಯ ವಾಸನೆ ಅಲ್ಲಿ ಸದಾ ಇರುವುದರಿಂದ ಗಮನಿಸಲಿಲ್ಲ.

ಯಾರೋ ನನ್ನ ತಲೆಯಿಂದ ಹೆಡ್‌ಫೋನ್ ಕಿತ್ತೆಸೆದರು. ಒಮ್ಮೆಲೇ ಜಗತ್ತೆಲ್ಲ ಕೂಗುತ್ತಿತ್ತು. ಕಣ್ಣು ಬಿಟ್ಟರೆ ಕಪ್ಪು ಹೊಗೆ.

"ಏಳ! ಬೆಂಕಿ ಹತ್ತೇತಿ! ಏಳ, ಹೋಗೂಣು!" ಅವಳು ನನ್ನ ರಟ್ಟೆ ಹಿಡಿದು ಜಗ್ಗುತ್ತಿದ್ದಳು.

ನನಗೆ ಏಳಲಾಗಲಿಲ್ಲ. ಅವಳು ಮತ್ತೆ ಒದರಿದಳು, ಒದರುವಾಗಲೆಲ್ಲ ಹೊಗೆ ನುಂಗಿ ಕೆಮ್ಮಿದಳು. ಏಣಿ ಹೇಗೆ ಇಳಿದೆನೋ ನೆನಪಿಲ್ಲ. ಕೆಳಗೆ ಹೊಗೆಯೊಳಗೆ ಪ್ರೆಸ್ಸಿನ ಮೋಟಾರು ಒಂದೇ ಸಮನೆ ತಿರುಗುತ್ತಿತ್ತು, ಹತ್ತಿರ ಒಬ್ಬರೂ ಇಲ್ಲ. ಎಲ್ಲರೂ ಓಡಿದ್ದು ನನಗೆ ಕೇಳಿಸಲೇ ಇಲ್ಲವಲ್ಲ ಎಂದು ಹುಟ್ಟಿದ ಭಯ ಬೆಂಕಿಯ ಭಯಕ್ಕಿಂತ ದೊಡ್ಡದಾಗಿತ್ತು.

ಬೆಂಕಿ ಬಿದ್ದಿದ್ದು ಪಕ್ಕದ ಥರ್ಮಾಕೋಲ್ ಗೋದಾಮಿಗೆ. ಯಾರೂ ಸಾಯಲಿಲ್ಲ. ಚಾಚಾನ ಕಾರ್ಖಾನೆಯಲ್ಲಿ ಅಟ್ಟ ಸುಟ್ಟು ಹೋಯಿತು, ನನ್ನ ರೆಕಾರ್ಡರ್ ಮಾತ್ರ ನನ್ನ ಹೆಗಲ ಚೀಲದಲ್ಲೇ ಉಳಿದಿತ್ತು. ಚಾಚಾ ರಸ್ತೆಯಲ್ಲಿ ಕುಕ್ಕರಿಸಿ, ನಮ್ಮಿಬ್ಬರ ತಲೆಯನ್ನೂ ಮುಟ್ಟಿ ಮುಟ್ಟಿ ನೋಡುತ್ತ, "ದೋನೋ ಬಚೇ, ಬಸ್, ದೋನೋ ಬಚೇ" ಎಂದು, ಇಬ್ಬರೂ ಉಳಿದರಲ್ಲ ಎಂಬುದನ್ನೇ ಹೇಳುತ್ತಿದ್ದರು.

ಗೆಳತಿ ಆಸ್ಪತ್ರೆಯಿಂದ ಬಂದಾಗ ಅವಳ ದನಿ ಹೋಗಿತ್ತು. ಗಂಟಲೊಳಗೆ ಬಾತಿದೆ, ಮಾತು ಬೇಡ, ಕೂಗುವುದಂತೂ ಬೇಡವೇ ಬೇಡ ಎಂದಿದ್ದರು ಡಾಕ್ಟರು. ಎಷ್ಟು ದಿನ ಎಂದು ಕೇಳಿದರೆ ನೋಡೋಣ ಎಂದರು. ಆ ಮಾತು ನನ್ನನ್ನು ನಿದ್ದೆಯಲ್ಲೂ ಬಿಡಲಿಲ್ಲ. ನನಗೆ ಹೊಸ ಹೆದರಿಕೆಗಳು ಶುರುವಾದವು. ಹೆಡ್‌ಫೋನ್ ಹಾಕಿದ ಕೂಡಲೇ ಬೆನ್ನ ಹಿಂದೆ ಯಾರೋ ಕರೆಯುತ್ತಿದ್ದಾರೆ ಅನಿಸುತ್ತಿತ್ತು. ತೆಗೆದು ನೋಡಿದರೆ ಯಾರೂ ಇಲ್ಲ. ತಲೆಗೆ ನೀರು ಹೊಯ್ದುಕೊಳ್ಳುವಾಗ ಕಿವಿ ಮುಚ್ಚಿದಂತಾಗಿ, ಬಚ್ಚಲ ಬಾಗಿಲಿಗೆ ಚಿಲಕ ಹಾಕುವುದನ್ನೇ ಬಿಟ್ಟೆ. ಲೋಕಲ್ ರೈಲಿನಲ್ಲಿ ಎಲ್ಲರ ಕಿವಿಯಲ್ಲೂ ಏನಾದರೊಂದು ಇರುತ್ತದೆ. ಅವರನ್ನೆಲ್ಲ ಭುಜ ಹಿಡಿದು ಅಲುಗಿಸಬೇಕು ಅನಿಸುತ್ತಿತ್ತು.

ಅವ್ವ ಒಂದು ದಿನ ನನ್ನ ಪಕ್ಕ ಕುಳಿತು, "ಗಿರಣಿ ಯಾಕ ಬಂದ್ ಅದ?" ಎಂದು ಕೇಳಿದಳು.

"ಅಂಜಿಕಿ ಬರ್ತದ ಅವ್ವಾ."

"ಬರಲಿ. ನಾ ಇಲ್ಲೇ ಕೂಡ್ತೀನಿ, ನೀ ಹಚ್ಚು."

ಅವಳು ಮೆಂತ್ಯದ ಸೊಪ್ಪು ಬಿಡಿಸುತ್ತ ಕುಳಿತಳು. ಆದರೂ ನನಗೆ ಹಚ್ಚಲಾಗಲಿಲ್ಲ.

ಕೊನೆಗೆ ಹಚ್ಚಿಸಿದವಳು ಗೆಳತಿ. ಪಿಸುಮಾತಿನಷ್ಟು ದನಿ ಬಂದಮೇಲೆ ಒಂದು ಸಂಜೆ ಬಂದು, ಆ ದಿನದ ರೆಕಾರ್ಡಿಂಗ್ ಕೇಳಬೇಕು ಎಂದಳು. ಬೇಡ ಎಂದೆ. ಅವಳು ಕೇಳಲಿಲ್ಲ. ಹೆಡ್‌ಫೋನ್ ಬೇಡ, ಸ್ಪೀಕರಿನಲ್ಲೇ ಹಾಕು ಎಂದಳು. ನಾನು ಬಾಗಿಲಿಗೆ ಎದುರಾಗಿ ಕುಳಿತು ಹಾಕಿದೆ.

ಬಡಿತ, ಆಮೇಲೆ ಗುಂಯ್, ಆಮೇಲೆ ಆ ಧಪಧಪ. ಅವು ಓಡುವ ಕಾಲುಗಳೆಂದು ಈಗ ನನಗೆ ಗೊತ್ತಿತ್ತು. ಎಲ್ಲವೂ ದೂರ ದೂರ ಹೋಗಿ ಅಡಗಿದವು. ಒಬ್ಬರ ದನಿಯೂ ಇಲ್ಲ. ಖಾಲಿ ಗುಂಯ್. ಆಗ ಒಂದೇ ಜೋಡಿ ಕಾಲು ತಿರುಗಿ ಬಂತು. ಹತ್ತಿರ, ಇನ್ನೂ ಹತ್ತಿರ. ಏಣಿಯ ಮೆಟ್ಟಿಲುಗಳು ಕಂಬದೊಳಗೆ ಠಣ್ ಠಣ್ ಎಂದವು.

"ಇದು ನಾನು," ಎಂದಳು ಅವಳು.

ಮೈಕ್ ಕಿತ್ತುಬಂದ ಧಡ್ ಎಂಬ ಒಂದು ಸದ್ದಿನ ಜೊತೆ ರೆಕಾರ್ಡಿಂಗ್ ಮುಗಿಯಿತು.

ಅವಳು ಸ್ಪೀಕರಿನ ಕಡೆ ಬಾಗಿದಳು. "ನಾ ಕೆಳಗಿಂದನ ಒದರಿಕೋತ ಬಂದಿದ್ನಿ. ಇದರಾಗ ಒಂದೂ ಇಲ್ಲ ನೋಡ. ಎಲ್ಲಿ ಹೋತು?"

"ಆ ಮೈಕಿಗೆ ದನಿ ಕೇಳೂದಿಲ್ಲ."

"ಹಂಗಾದ್ರ ಈಗ ಇದರ ಮ್ಯಾಲೆ ಹೇಳತೀನಿ. ಆವತ್ತು ಒದರಿದ್ದಷ್ಟನ್ನ."

ಈ ಸದ್ದನ್ನು ಆಲ್ಬಮ್‌ಗೆ ಹಾಕುವುದೇ ಬೇಡ, ಅಳಿಸಿಬಿಡುತ್ತೇನೆ ಎಂದು ನಾನು ಜಗಳ ತೆಗೆದೆ. ಅವಳಿಗೆ ಜೋರಾಗಿ ಜಗಳವಾಡಲೂ ಬರುತ್ತಿರಲಿಲ್ಲ. "ನಿನಗ ಅಂಜಿಕಿ ಐತಿ, ನನಗೂ ಐತಿ. ನನ್ನ ಹತ್ರ ಈಗ ಇಷ್ಟ ದನಿ ಐತಿ. ಇದನ್ನೂ ಬ್ಯಾಡ ಅಂತೀ ಏನ?" ಎಂದಳು. ನಾನು ಹಾಡುವ ಮೈಕ್ ಜೋಡಿಸಿದೆ.

ಅವಳ ದನಿ ಹಿಡಿಯಲು ನಾನು ಹೆಡ್‌ಫೋನ್ ಹಾಕಲೇಬೇಕಿತ್ತು. ಅವಳು ನನ್ನ ಎದುರೇ ಕುಳಿತಳು, ನಾನು ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಓಡುವ ಕಾಲುಗಳ ಮೇಲೆ ಅವಳು ಮೆಲ್ಲಗೆ, ಮಗುವನ್ನು ಎಬ್ಬಿಸುವಂತೆ ಹೇಳಿದಳು, "ಏಳ, ಹೋಗೂಣು. ಏಳ." ತೆಗೆಯಬೇಕೆಂದು ಹೆಡ್‌ಫೋನಿಗೆ ಕೈ ಹೋಯಿತು, ಆದರೂ ರೆಕಾರ್ಡಿಂಗ್ ನಿಲ್ಲಿಸಲಿಲ್ಲ.

ಉಳಿದ ಹಾಡುಗಳು ಆ ಹಾಡಿನ ಹಿಂದೆಯೇ ಬಂದವು. ಗ್ರೈಂಡರ್ ಹೋಯಿತು, ಕಿರಿಚಾಟ ಹೋಯಿತು. ಬಡಿತಗಳ ನಡುವೆ ಉದ್ದುದ್ದ ಖಾಲಿ ಜಾಗ ಬಂತು. ಆ ಖಾಲಿಯಲ್ಲಿ ಏನು ಬಂದೀತು ಎಂದು ಕಾಯುವ ಹೆದರಿಕೆಯೇ ಈ ಆಲ್ಬಮ್‌ನ ತಾಳವಾಯಿತು. ಮೊದಲಿನ ಕೇಳುಗರಲ್ಲಿ ಕೆಲವರು, ನೀವು ತಣ್ಣಗಾಗಿಬಿಟ್ಟಿರಿ ಎಂದು ಬರೆದರು.

ಆಲ್ಬಮ್ ಬಂದಮೇಲೆ ಬಾಂದ್ರಾದ ಅದೇ ಹಾಲ್‌ನಲ್ಲಿ ಒಂದು ಸಂಜೆ ನುಡಿಸಿದೆವು. ನಾನು ಮೊದಲು ಹೋಗಿ ಎರಡೂ ಬಾಗಿಲು ತೆರೆಯುತ್ತವೆಯೇ ಎಂದು ನೋಡಿ ಬಂದೆ. ಚಾಚಾ ಮೊದಲ ಸಲ ಬಂದಿದ್ದರು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ಆ ಹಾಡು ಬಂದಾಗ ಯಾರೂ ಕಿರಿಚಲಿಲ್ಲ, ಕುಣಿಯಲಿಲ್ಲ. ಏಣಿಯ ಸದ್ದು ಬಂದಾಗ ಮುಂದಿದ್ದ ಒಬ್ಬ ಹುಡುಗಿ ಹಿಂತಿರುಗಿ ನೋಡಿದಳು. ನಾನೂ ಬಾಗಿಲ ಕಡೆ ನೋಡಿ ಒಂದು ಬಡಿತ ತಪ್ಪಿಸಿದೆ, ಗೆಳತಿ ಅದನ್ನು ಕಾದು ಆಮೇಲೆ ತನ್ನ ಸಾಲು ಹೇಳಿದಳು.

ಮುಗಿದ ಮೇಲೆ ಚಾಚಾ ನನ್ನ ಬಳಿ ಬಂದರು. ಬೆಂಕಿಯಾದ ಮೇಲೆ ಅವರು ಪ್ರೆಸ್ಸಿನ ಹತ್ತಿರ ಹೋಗಿ ನಿಲ್ಲುತ್ತಲೇ ಇಲ್ಲ, ಹೊರಗೇ ಕೂರುತ್ತಾರೆ ಎಂದು ಅವಳು ಹೇಳಿದ್ದಳು.

"ನನಗ ಭಾಳ ಅಂಜಿಕಿ ಬಂತು ಬೇಟಾ," ಎಂದರು. "ನಿನಗ?"

"ನನಗೂ ಬಂತರಿ ಚಾಚಾ."

"ಛಲೋ ಆತು," ಎಂದು ಅವರು ಕುರ್ಚಿಯ ಬೆನ್ನು ಹಿಡಿದುಕೊಂಡರು. "ನನಗೊಬ್ಬನಿಗೇ ಹಿಂಗ ಆಗೇತಿ ಅಂತ ತಿಳಕೊಂಡಿದ್ನಿ."